ಮಳೆ ಲೆಕ್ಕ ಬರೆಯುವ ಮನೆಯಲ್ಲಿ ಮುಟ್ಟಿನ ಲೆಕ್ಕ

ಕೊಡಗಿನಲ್ಲಿ ಕಾಫಿ ತೋಟವಿರುವ ಮನೆಗೆ ಹೋದರೆ ಮಳೆ ಲೆಕ್ಕದ ಪುಸ್ತಕವೊಂದು ಕಣ್ಣಿಗೆ ಬೀಳುವುದು ಸಾಮಾನ್ಯ. ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಬೆಳಿಗ್ಗೆ ಅಳೆದು, ಇಷ್ಟು ಇಂಚು, ಇಷ್ಟು ಸೆಂಟ್ ಎಂದು ಬರೆದಿಡುತ್ತಾರೆ. ಅಜ್ಜ ಬರೆದದ್ದನ್ನು ಅಪ್ಪ ಮುಂದುವರಿಸಿ, ಈಗ ಮಗ ಬರೆಯುತ್ತಿರುತ್ತಾನೆ. ಹೋದ ವರ್ಷ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವತ್ತು ಬಿತ್ತು ಎಂದು ಕೇಳಿದರೆ ತಾರೀಕು ಹೇಳುತ್ತಾರೆ. ಅದೇ ಮನೆಯ ಸೊಸೆ, ಮದುವೆಯಾಗಿ ಮೂರು ವರ್ಷವಾದರೂ ಮಗುವಾಗಲಿಲ್ಲವೆಂದು ಆಸ್ಪತ್ರೆಗೆ ಬಂದಾಗ, 'ಕಡೆಯ ಸಲ ಮುಟ್ಟಾದದ್ದು ಯಾವಾಗ?' ಎಂದು ನಾನು ಕೇಳುತ್ತೇನೆ. 'ಹುತ್ತರಿ ಕಳೆದ ಮೇಲೆ ಒಂದು ಸಲ ಆಗಿತ್ತು ಸಿಸ್ಟರ್' ಎಂಬುದು ಉತ್ತರ. ಹುತ್ತರಿ ನಮ್ಮ ಸುಗ್ಗಿ ಹಬ್ಬ, ನವೆಂಬರ್-ಡಿಸೆಂಬರಿನಲ್ಲಿ ಬರುತ್ತದೆ. ಅವಳು ಹೀಗೆನ್ನುವಾಗ ಮಾರ್ಚ್ ತಿಂಗಳು ನಡೆಯುತ್ತಿರುತ್ತದೆ.

ಅರ್ಧ ರೋಗನಿರ್ಣಯ ಆ ಒಂದು ಮಾತಿನಲ್ಲೇ ಇದೆ. ಹೆರಿಗೆ ವಾರ್ಡಿನಲ್ಲೂ ಹೊರರೋಗಿ ವಿಭಾಗದಲ್ಲೂ ನರ್ಸ್ ಆಗಿ ಬಹಳ ವರ್ಷ ಕಳೆದ ನಾನು ಇಲ್ಲಿ ಬರೆಯುತ್ತಿರುವುದು ವೈದ್ಯರಿಗೆ ಬದಲಿಯಲ್ಲ. ವೈದ್ಯರ ಎದುರು ಕೂರುವ ಮೊದಲು ಮತ್ತು ಅಲ್ಲಿಂದ ಎದ್ದು ಬಂದ ಮೇಲೆ ಏನು ಮಾಡಬೇಕು ಎಂಬ ದಾರಿ ಮಾತ್ರ. 'ಬಂಜೆ' ಎಂಬ ಮಾತನ್ನು ನಾನು ಬಳಸುವುದಿಲ್ಲ. ಅದು ಬೈಗುಳವೇ ಹೊರತು ರೋಗದ ಹೆಸರಲ್ಲ.

ಒಳಗೆ ನಡೆಯುವುದೇನು

ಕಾಫಿ ಗಿಡ ಗೊತ್ತಿರುವವರಿಗೆ ಇದನ್ನು ವಿವರಿಸುವುದು ಸುಲಭ. ಮೊಗ್ಗು ಗಿಡದಲ್ಲಿ ಮೊದಲೇ ಕಟ್ಟಿರುತ್ತದೆ, ಆದರೆ ಹೂಮಳೆ ಬೀಳುವವರೆಗೆ ನಿದ್ದೆಯಲ್ಲಿರುತ್ತದೆ. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ ಬಂದರೆ ಕಾಯಿ ನಿಲ್ಲುತ್ತದೆ. ಅಂಡಾಶಯದಲ್ಲೂ ಅಂಡಾಣುಗಳು ಹುಟ್ಟಿನಿಂದಲೇ ಇರುತ್ತವೆ. ಪ್ರತಿ ತಿಂಗಳು ಅಂಡಾಣು ಇರುವ ಕೆಲವು ಕೋಶಗಳು (ನೀರು ತುಂಬಿದ ಸಣ್ಣ ಚೀಲಗಳು) ಬೆಳೆಯಲು ಹೊರಟು, ಅವುಗಳಲ್ಲಿ ಒಂದು ಮುಂದಾಗುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಹಾರ್ಮೋನಿನ ಸೂಚನೆ ಬಂದಾಗ ಆ ಕೋಶ ಒಡೆದು ಅಂಡಾಣು ಹೊರಬರುತ್ತದೆ. ಒಡೆದ ಕೋಶ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಸುರಿಸಿ ಗರ್ಭಕೋಶವನ್ನು ಹದ ಮಾಡುತ್ತದೆ. ನಮ್ಮ ಬ್ಯಾಕಿಂಗ್ ಮಳೆ ಅದೇ.

ಸೂಚನೆ ಬರದಿದ್ದರೆ ಮೊಗ್ಗು ಮೊಗ್ಗಾಗಿಯೇ ಉಳಿಯುತ್ತದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಕಾರಣ ಇದು. ಬಹುಪಾಲು ಮಂದಿಗೆ ಮಾತ್ರೆಯಿಂದಲೇ ದಾರಿ ಸಿಗುವ ಕಾರಣವೂ ಹೌದು. ಆದ್ದರಿಂದ ಮೈಸೂರು, ಬೆಂಗಳೂರಿನ ದೊಡ್ಡ ಕೇಂದ್ರಕ್ಕೆ ಹಣ ಕಟ್ಟುವ ಮೊದಲು ಅಂಡಾಣು ಬಿಡುಗಡೆಯಾಗುತ್ತಿದೆಯೇ ಇಲ್ಲವೇ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಮೊದಲ ಹೆಜ್ಜೆ: ಬರೆಯಿರಿ

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಚುಕ್ಕೆ ಇಟ್ಟರೂ ಸಾಕು. ಸರಿಯಾಗಿ ರಕ್ತ ಹೋಗಲು ಆರಂಭವಾದ ದಿನವನ್ನು ಮೊದಲ ದಿನವೆಂದು ಗುರುತಿಸಿ. ಹಿಂದಿನ ದಿನ ಕಂಡ ಕಲೆಯನ್ನು ಎಣಿಸಬೇಡಿ. ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಷ್ಟು ದಿನವಾಯಿತೋ ಅದು ನಿಮ್ಮ ಚಕ್ರ. ನಿಂತ ದಿನದಿಂದ ಲೆಕ್ಕ ಹಾಕುವವರು ಬಹಳ ಮಂದಿ. ಅದರಿಂದ ಲೆಕ್ಕವೆಲ್ಲ ನಾಲ್ಕೈದು ದಿನ ತಪ್ಪುತ್ತದೆ.

21ರಿಂದ 35 ದಿನದೊಳಗೆ, ತಿಂಗಳಿಂದ ತಿಂಗಳಿಗೆ ಹೆಚ್ಚು ವ್ಯತ್ಯಾಸವಿಲ್ಲದೆ ಮುಟ್ಟಾಗುತ್ತಿದ್ದರೆ ಅಂಡಾಣು ಬಿಡುಗಡೆಯಾಗುತ್ತಿರುವ ಸಾಧ್ಯತೆ ಬಹಳ ಹೆಚ್ಚು. 35 ದಿನ ದಾಟುವುದು, ವರ್ಷಕ್ಕೆ ಆರೇಳು ಸಲ ಮಾತ್ರ ಆಗುವುದು, ಒಂದು ತಿಂಗಳು 25 ದಿನ ಮತ್ತೊಂದು ಸಲ 60 ದಿನ ಆಗುವುದು, ಇವೆಲ್ಲ ಅನುಮಾನ ಪಡಬೇಕಾದ ಲಕ್ಷಣಗಳು. ರಕ್ತ ಹೋಯಿತೆಂದ ಮಾತ್ರಕ್ಕೆ ಅಂಡಾಣು ಬಂದಿತೆಂದು ತಿಳಿಯಬೇಡಿ. ಅಂಡಾಣು ಹೊರಬಾರದೆಯೂ, ದಪ್ಪಗಾದ ಗರ್ಭಕೋಶದ ಒಳಪದರ ತಾನೇ ಕಳಚಿ, ಹತ್ತು ಹದಿನೈದು ದಿನ ರಕ್ತ ಹೋಗುವುದುಂಟು.

ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡಾಣು ಹೊರಬರುತ್ತದೆ. 28 ದಿನದ ಚಕ್ರದಲ್ಲಿ 14ನೇ ದಿನ, 35 ದಿನದ ಚಕ್ರದಲ್ಲಿ 21ನೇ ದಿನ. ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ, ವೀರ್ಯಾಣು ಐದು ದಿನದವರೆಗೆ. ಆದ್ದರಿಂದ ಅಂಡಾಣು ಬರುವ ದಿನ ಮತ್ತು ಅದರ ಹಿಂದಿನ ಐದು ದಿನಗಳೇ ಮುಖ್ಯ. ಆ ದಿನಗಳಲ್ಲಿ ಹಸಿ ಮೊಟ್ಟೆಯ ಬಿಳಿಯಂತೆ ಎಳೆಯಾಗಿ ಬರುವ ಸ್ರಾವವೂ ಒಂದು ಗುರುತು. ದಿನ ಬಿಟ್ಟು ದಿನ, ಇಲ್ಲವೇ ಎರಡು ಮೂರು ದಿನಕ್ಕೊಮ್ಮೆ ಜೊತೆಯಾದರೆ ಸಾಕು. ಗಡಿಯಾರ ನೋಡಿಕೊಂಡು ಕೂರಬೇಕಾಗಿಲ್ಲ.

ಬೆಳಿಗ್ಗೆ ಏಳುವ ಮೊದಲು ಮೈ ಬಿಸಿ ಅಳೆಯುವ ವಿಧಾನವೊಂದಿದೆ. ಅಂಡಾಣು ಬಿಡುಗಡೆಯಾದ ಮೇಲೆ ಸೆಲ್ಸಿಯಸ್ ಲೆಕ್ಕದಲ್ಲಿ 0.3ರಿಂದ 0.5 ಡಿಗ್ರಿಯಷ್ಟು ಏರುತ್ತದೆ. ಆದರೆ ಬಿಸಿ ಏರುವ ಹೊತ್ತಿಗೆ ಅಂಡಾಣು ಹೋಗಿಯಾಗಿರುತ್ತದೆ. ಕೊಡಗಿನ ಡಿಸೆಂಬರ್ ಚಳಿಯಲ್ಲಿ ಕಂಬಳಿಯೊಳಗೆ ಥರ್ಮಾಮೀಟರ್ ಹುಡುಕುವ ಈ ಶಿಕ್ಷೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ಔಷಧ ಅಂಗಡಿಯಲ್ಲಿ ಸಿಗುವ ಮೂತ್ರದ ಅಂಡೋತ್ಪತ್ತಿ ಪಟ್ಟಿ ನಿಯಮಿತವಾಗಿ ಮುಟ್ಟಾಗುವವರಿಗೆ ಉಪಯೋಗಕ್ಕೆ ಬರುತ್ತದೆ. ಪಿಸಿಓಎಸ್ (ಅಂಡಾಶಯದಲ್ಲಿ ಕೋಶಗಳು ಬೆಳೆಯಲು ಹೊರಟು ಅರ್ಧದಲ್ಲೇ ನಿಲ್ಲುವ ತೊಂದರೆ) ಇರುವವರಲ್ಲಿ ಅದು ಸುಳ್ಳು ಗೆರೆ ತೋರಿಸಬಹುದು. ಮೊಬೈಲಿನ ಆ್ಯಪ್ ಹಳೆಯ ತಿಂಗಳುಗಳನ್ನು ನೋಡಿ ಊಹಿಸುತ್ತದೆ ಅಷ್ಟೆ. ನಿಮ್ಮ ಮುಟ್ಟೇ ಹಳಿ ತಪ್ಪಿದ್ದರೆ ಅದರ ಊಹೆಯೂ ತಪ್ಪುತ್ತದೆ.

ಎರಡನೆಯದು: ಯಾವಾಗ ಹೋಗಬೇಕು, ಯಾರು ಹೋಗಬೇಕು

ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ ತಪಾಸಣೆ ಮಾಡಿಸಬೇಕು. ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳು ಸಾಕು. ಮುಟ್ಟು ಮೂರು ತಿಂಗಳು ನಿಂತಿದ್ದರೆ, ಅಂಡಾಶಯದ ಶಸ್ತ್ರಚಿಕಿತ್ಸೆ ಅಥವಾ ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ ಕಾಯುವುದೇ ಬೇಡ.

ನಮ್ಮ ಜಿಲ್ಲೆಯಲ್ಲಿ ಈ 'ಒಂದು ವರ್ಷ' ಎಂಬುದಕ್ಕೆ ಒಂದು ತಿದ್ದುಪಡಿ ಬೇಕು. ಗಂಡ ಸೇನೆಯಲ್ಲಿದ್ದು ವರ್ಷಕ್ಕೆ ಎರಡು ತಿಂಗಳು ರಜೆಯಲ್ಲಿ ಬರುವವನಾದರೆ, ಮದುವೆಯಾಗಿ ಮೂರು ವರ್ಷವಾಗಿದ್ದರೂ ಪ್ರಯತ್ನ ನಡೆದದ್ದು ಆರು ತಿಂಗಳು ಮಾತ್ರ. ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬರುವ ಗಂಡಂದಿರ ಲೆಕ್ಕವೂ ಇದೇ. ಅಂಥ ಹೆಂಗಸಿಗೆ ಅತ್ತೆ ಮನೆಯವರು ಹಣೆಪಟ್ಟಿ ಕಟ್ಟುವ ಮೊದಲು, ಜೊತೆಗಿದ್ದ ತಿಂಗಳುಗಳನ್ನು ಎಣಿಸಬೇಕು. ಮುಟ್ಟು ಏರುಪೇರಾಗಿದ್ದರೆ ರಜೆ ಬರುವ ಮೊದಲೇ ಪರೀಕ್ಷೆಗಳನ್ನು ಮುಗಿಸಿಕೊಂಡು, ರಜೆಯ ತಿಂಗಳಿಗೆ ಚಿಕಿತ್ಸೆ ಹೊಂದಿಸಿಕೊಡಿ ಎಂದು ವೈದ್ಯರನ್ನು ಕೇಳಬಹುದು.

ಇಬ್ಬರೂ ಹೋಗಿ. ಹೆಂಡತಿಯ ಮುಟ್ಟು ತಪ್ಪಿರುವುದು ಕಣ್ಣಿಗೆ ಕಂಡರೂ ಗಂಡನ ವೀರ್ಯ ಪರೀಕ್ಷೆ ಮೊದಲೇ ಆಗಬೇಕು. ಅದು ಕಡಿಮೆ ಖರ್ಚಿನದು, ನೋವಿಲ್ಲದ್ದು. ಹಾಗಿದ್ದರೂ ಎಲ್ಲಕ್ಕಿಂತ ಕೊನೆಗೆ ಆಗುವುದೂ ಅದೇ! ಎರಡರಿಂದ ಏಳು ದಿನ ಸಂಪರ್ಕವಿಲ್ಲದಿದ್ದು ಮಾದರಿ ಕೊಡಬೇಕು, ಒಂದು ಗಂಟೆಯೊಳಗೆ ಅದು ಪ್ರಯೋಗಾಲಯ ತಲುಪಬೇಕು. ನಾಪೋಕ್ಲು ಕಡೆಯಿಂದ ಮಡಿಕೇರಿಗೆ ಜೇಬಿನಲ್ಲಿ ಡಬ್ಬಿ ಇಟ್ಟುಕೊಂಡು ಬಸ್ಸಿನಲ್ಲಿ ಬರುವ ಸಾಹಸ ಬೇಡ. ಪ್ರಯೋಗಾಲಯದಲ್ಲೇ ಕೊಡಿ.

ಮೂರನೆಯದು: ಪರೀಕ್ಷೆಗಳು

ಎಲ್ಲಕ್ಕಿಂತ ಮೊದಲು ಮೂತ್ರದ ಗರ್ಭ ಪರೀಕ್ಷೆ. ನಗಬೇಡಿ. ನಾಲ್ಕು ತಿಂಗಳಿಂದ ಮುಟ್ಟಿಲ್ಲವೆಂದು ಚಿಕಿತ್ಸೆಗೆ ಬಂದು, ಮೂರು ತಿಂಗಳ ಬಸುರಿ ಎಂದು ತಿಳಿದು ಮನೆಗೆ ಹೋದವರನ್ನು ನೋಡಿದ್ದೇನೆ.

ಆಮೇಲೆ ರಕ್ತ ಪರೀಕ್ಷೆಗಳು. ಥೈರಾಯ್ಡಿಗೆ ಟಿಎಸ್‌ಎಚ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್) ಯಾವ ದಿನವಾದರೂ ಆಗಬಹುದು. ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ (ಪಿಟ್ಯುಟರಿ ಕಳುಹಿಸುವ ಸೂಚನೆಯ ಹಾರ್ಮೋನುಗಳು) ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಆಗಬೇಕು. ಎಎಂಎಚ್ ಎಂಬುದು ಅಂಡಾಣುಗಳ ದಾಸ್ತಾನು ಎಷ್ಟಿದೆ ಎಂದು ಹೇಳುತ್ತದೆ, ಅವು ಹೊರಬರುತ್ತಿವೆಯೇ ಎಂದು ಹೇಳುವುದಿಲ್ಲ. ಪಣತದಲ್ಲಿ (ಕಣಜದಲ್ಲಿ) ಭತ್ತ ಎಷ್ಟಿದೆ ಎಂದು ತಿಳಿದರೆ ಅದು ಮೊಳೆಯುತ್ತದೆಯೋ ಇಲ್ಲವೋ ತಿಳಿಯುತ್ತದೆಯೇ?

ರಕ್ತ ಕೊಡುವ ಮೊದಲು ನೀವು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಮಾಡಿ. ಹೊಟ್ಟೆ ಉರಿಗೆಂದು ತಿಂಗಳುಗಟ್ಟಲೆ ತೆಗೆದುಕೊಳ್ಳುವ ಗ್ಯಾಸ್ ಮಾತ್ರೆಯಲ್ಲಿ ಡೊಂಪೆರಿಡೋನ್ ಅಥವಾ ಲೆವೋಸಲ್ಪಿರೈಡ್ ಸೇರಿದ್ದರೆ ಪ್ರೊಲ್ಯಾಕ್ಟಿನ್ ಏರುತ್ತದೆ. ಪ್ರೊಲ್ಯಾಕ್ಟಿನ್ ಏರಿದರೆ ಅಂಡಾಣುವಿನ ಸೂಚನೆ ನಿಲ್ಲುತ್ತದೆ. ಕೂದಲು ಉದುರುವುದಕ್ಕೆ ತಿನ್ನುವ ಬಯೋಟಿನ್ ಮಾತ್ರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಿಸಬಹುದು, ಕನಿಷ್ಠ ಎರಡು ದಿನ ಮೊದಲು ಬಿಡಬೇಕು. ಇವೆರಡನ್ನೂ 'ಮಾತ್ರೆ' ಎಂದು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಅದೇ ತೊಂದರೆ.

ಅಂಡಾಣು ಹೊರಬಂದಿದೆಯೇ ಎಂದು ಹೇಳುವುದು ಪ್ರೊಜೆಸ್ಟರಾನ್ ಪರೀಕ್ಷೆ. ಮಿಲಿಲೀಟರಿಗೆ 3 ನ್ಯಾನೋಗ್ರಾಂ ದಾಟಿದ್ದರೆ ಬಂದಿದೆ ಎಂದೇ ಅರ್ಥ. ಇದನ್ನು '21ನೇ ದಿನದ ಪರೀಕ್ಷೆ' ಎಂದು ಕರೆದು ಎಷ್ಟೋ ಜನರನ್ನು ಅಳಿಸಿದ್ದಾರೆ. ಮುಂದಿನ ಮುಟ್ಟಿಗೆ ಏಳು ದಿನ ಮೊದಲು ಮಾಡಿಸಬೇಕಾದ ಪರೀಕ್ಷೆ ಇದು. 28 ದಿನದ ಚಕ್ರಕ್ಕೆ 21ನೇ ದಿನ ಸರಿ. 40 ದಿನದ ಚಕ್ರಕ್ಕೆ 33ನೇ ದಿನ. ನನ್ನ ಸಂಬಂಧಿಕರ ಹುಡುಗಿಯೊಬ್ಬಳಿಗೆ, 40 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ, ಒಂದು ಕಡೆ 21ನೇ ದಿನ ರಕ್ತ ತೆಗೆದು 'ಅಂಡಾಣುವೇ ಆಗುತ್ತಿಲ್ಲ' ಎಂದು ಬರೆದುಕೊಟ್ಟರು. ಎಂಟು ತಿಂಗಳು ಅವಳು ಆ ಕಾಗದ ಹಿಡಿದುಕೊಂಡು ಅತ್ತಳು. ಬೇರೆ ಕಡೆ 33ನೇ ದಿನ ಮಾಡಿಸಿದಾಗ ಎಲ್ಲವೂ ಸರಿ ಇತ್ತು. ತೊಂದರೆ ಇದ್ದದ್ದು ಅವಳ ಗರ್ಭನಾಳದಲ್ಲಿ. ಆದ್ದರಿಂದಲೇ ಕ್ಯಾಲೆಂಡರ್ ಎಂದು ಇಷ್ಟು ಹೇಳುತ್ತಿರುವುದು.

ಸ್ಕ್ಯಾನಿಂಗ್ ಬಗ್ಗೆ ಒಂದು ಸಣ್ಣ ಮಾತು. ಹೊಟ್ಟೆಯ ಮೇಲಿನ ಸ್ಕ್ಯಾನಿಗೆ ಮೂತ್ರ ತುಂಬಿರಬೇಕು, ಯೋನಿಯ ಮೂಲಕ ಮಾಡುವ ಸ್ಕ್ಯಾನಿಗೆ ಖಾಲಿ ಇರಬೇಕು. ಯಾವುದೆಂದು ಮೊದಲೇ ಕೇಳಿಕೊಳ್ಳಿ. ಭಾಗಮಂಡಲದಿಂದ ತಿರುವಿನ ರಸ್ತೆಯಲ್ಲಿ ಎರಡು ಬಾಟಲಿ ನೀರು ಕುಡಿದು ಹಲ್ಲು ಕಚ್ಚಿಕೊಂಡು ಬಂದವಳಿಗೆ 'ಹೋಗಿ ಖಾಲಿ ಮಾಡಿ ಬನ್ನಿ' ಎಂದಾಗ ಅವಳ ಮುಖ ನೋಡಲಾಗುವುದಿಲ್ಲ.

ನಾಲ್ಕನೆಯದು: ಕಾರಣದ ಹೆಸರು ಕೇಳಿ

ಪಿಸಿಓಎಸ್ ಎಲ್ಲಕ್ಕಿಂತ ಸಾಮಾನ್ಯ. ಸ್ಕ್ಯಾನ್ ವರದಿಯಲ್ಲಿ 'ನೀರಿನ ಗುಳ್ಳೆಗಳು' ಎಂದು ಓದಿ ಗಡ್ಡೆ ಎಂದು ಹೆದರುತ್ತಾರೆ. ಅವು ಬೆಳೆಯಲು ಹೊರಟು ಅರ್ಧದಲ್ಲಿ ನಿಂತ ಕೋಶಗಳು, ಹೂಮಳೆ ಕಾಣದ ಮೊಗ್ಗುಗಳು. ಕತ್ತರಿಸಿ ತೆಗೆಯುವಂಥದ್ದು ಏನೂ ಇಲ್ಲ. ಸ್ಕ್ಯಾನಿನಲ್ಲಿ ಗುಳ್ಳೆ ಕಂಡ ಮಾತ್ರಕ್ಕೆ ಪಿಸಿಓಎಸ್ ಆಗುವುದೂ ಇಲ್ಲ. ಮುಟ್ಟಿನ ಏರುಪೇರು, ಗಂಡು ಹಾರ್ಮೋನು ಹೆಚ್ಚಿರುವ ಗುರುತು (ಗಲ್ಲದ ಮೇಲೆ ಕೂದಲು, ಮೊಡವೆ ಅಥವಾ ರಕ್ತದಲ್ಲಿ), ಸ್ಕ್ಯಾನಿನ ಗುಳ್ಳೆಗಳು, ಈ ಮೂರರಲ್ಲಿ ಎರಡಾದರೂ ಇರಬೇಕು, ಜೊತೆಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ ತೊಂದರೆ ಅಲ್ಲವೆಂದು ಖಚಿತವಾಗಬೇಕು. ತೆಳ್ಳಗಿರುವವರಿಗೂ ಬರುತ್ತದೆ. ಪಿಸಿಓಎಸ್ ಎಂದಾದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿ.

ಥೈರಾಯ್ಡ್ ಕಡಿಮೆ ಇದ್ದರೆ ಮಾತ್ರೆ ಸುಲಭ, ನಮ್ಮ ಅಭ್ಯಾಸ ಕಷ್ಟ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ ಕುಡಿಯಬಾರದು. ಕಾಫಿ ಆ ಮಾತ್ರೆಯನ್ನು ದೇಹಕ್ಕೆ ಸೇರಲು ಬಿಡುವುದಿಲ್ಲ. ಎದ್ದ ಕೂಡಲೇ ಬೆಲ್ಲದ ಕಾಫಿ ಬೇಕೆನ್ನುವ ಊರಿನಲ್ಲಿ, ಡೋಸ್ ಏರಿಸುತ್ತಾ ಹೋದರೂ ಟಿಎಸ್‌ಎಚ್ ಇಳಿಯದಿರುವುದಕ್ಕೆ ಕಾರಣ ಲೋಟದಲ್ಲೇ ಇರುತ್ತದೆ. ಪ್ರೊಲ್ಯಾಕ್ಟಿನ್ ಹೆಚ್ಚಿದ್ದು ಮಾತ್ರೆಗಳಿಂದ ಅಲ್ಲವಾದರೆ ಕ್ಯಾಬರ್ಗೋಲಿನ್ ಕೊಡುತ್ತಾರೆ. ತಲೆನೋವು, ಪಕ್ಕದ ನೋಟ ಮಂಜಾಗುವುದು ಇದ್ದರೆ ಮೊದಲೇ ಹೇಳಿ.

ಇನ್ನೊಂದು ಬಗೆಯಲ್ಲಿ ಮೆದುಳೇ ಸೂಚನೆ ಕಳುಹಿಸುವುದನ್ನು ನಿಲ್ಲಿಸುತ್ತದೆ. ತೂಕ ಬಹಳ ಕಡಿಮೆಯಾದಾಗ, ವ್ಯಾಯಾಮಕ್ಕೆ ತಕ್ಕ ಊಟ ಇಲ್ಲದಿದ್ದಾಗ, ದೊಡ್ಡ ಆಘಾತವಾದಾಗ ಹೀಗಾಗುತ್ತದೆ. ಹಾಕಿ ಆಡುವ ಹೆಣ್ಣುಮಕ್ಕಳಿರುವ ನಮ್ಮ ಊರಿನಲ್ಲಿ ಇದನ್ನು ತಿಳಿದಿರಬೇಕು. ಕಠಿಣ ತರಬೇತಿಯ ನಡುವೆ ಮುಟ್ಟು ನಿಂತರೆ 'ಆಟಗಾರ್ತಿಯರಿಗೆ ಹಾಗೆಯೇ' ಎಂದು ಸುಮ್ಮನಿರಬೇಡಿ, ಮೂಳೆಯೂ ಸವೆಯುತ್ತದೆ. ಆದಿವಾಸಿಗಳ ಹಾಡಿಗಳಲ್ಲಿ, ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಕಾಣುವುದು ಬೇರೆ ಚಿತ್ರ. ಅಲ್ಲಿ ಊಟವೇ ಸಾಲದೆ ತೂಕವಿಲ್ಲ. ಅವರಿಗೆ ಚಿಕಿತ್ಸೆ ಆರಂಭವಾಗುವುದು ತಟ್ಟೆಯಿಂದ.

ನಲವತ್ತಕ್ಕೆ ಮೊದಲೇ ಅಂಡಾಶಯ ಸೋತಿದ್ದರೆ ಎಫ್‌ಎಸ್‌ಎಚ್ 25 ದಾಟಿರುತ್ತದೆ. ಇಲ್ಲಿ ಸುಳ್ಳು ಭರವಸೆ ಕೊಡುವವರೇ ಹೆಚ್ಚು. ತಾನಾಗಿಯೇ ಬಸುರಿಯಾಗುವವರು ನೂರಕ್ಕೆ ಐದರಷ್ಟು. ಮಾತ್ರೆಯಿಂದ ಅಂಡಾಣು ಹುಟ್ಟಿಸಲಾಗುವುದಿಲ್ಲ, ದಾನಿಯ ಅಂಡಾಣು ಒಂದು ದಾರಿ, ದತ್ತು ಇನ್ನೊಂದು. ಮಗು ಬೇಡವೆಂದುಕೊಂಡರೂ ಮೂಳೆ ಮತ್ತು ಹೃದಯಕ್ಕಾಗಿ ಹಾರ್ಮೋನ್ ಚಿಕಿತ್ಸೆ ಬೇಕು.

ಐದನೆಯದು: ಚಿಕಿತ್ಸೆ

ತೂಕ ಹೆಚ್ಚಿರುವ ಪಿಸಿಓಎಸ್‌ನಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೆ ಅನೇಕರಿಗೆ ಮುಟ್ಟು ತಾನಾಗಿ ಸರಿಹೋಗುತ್ತದೆ. 70 ಕಿಲೋ ಇರುವವರಿಗೆ ಮೂರೂವರೆಯಿಂದ ಏಳು ಕಿಲೋ ಅಷ್ಟೆ. ಕಡಂಬಿಟ್ಟು, ನೂಪುಟ್ಟು, ಪಾಪುಟ್ಟು, ಅಕ್ಕಿ ರೊಟ್ಟಿ, ಎಲ್ಲವೂ ಅಕ್ಕಿಯೇ ಎಂದು ಗೊಣಗುವ ಆಹಾರ ತಜ್ಞರ ಮಾತು ಕೇಳಿ ಹಂದಿ ಸಾರಿಗೆ ಓಟ್ಸ್ ನೆಂಚಿಕೊಳ್ಳಬೇಕಾಗಿಲ್ಲ. ನಾಲ್ಕು ಕಡಂಬಿಟ್ಟಿನ ಜಾಗದಲ್ಲಿ ಎರಡು, ಉಳಿದ ಜಾಗಕ್ಕೆ ಕಳಲೆ, ಕೆಸುವಿನ ಸೊಪ್ಪು, ಅಣಬೆ, ಮೊಟ್ಟೆ. ಜೀಪಿನಲ್ಲಿ ತೋಟ ಸುತ್ತುವವರು ನಡೆದು ಸುತ್ತಿ, ವಾರಕ್ಕೆ 150 ನಿಮಿಷ. ಕಾಫಿ ದಿನಕ್ಕೆ ಎರಡು ಲೋಟಕ್ಕೆ ನಿಲ್ಲಲಿ. ಮನೆಯಲ್ಲಿ ಮಾಡಿದ ವೈನ್ ಮದ್ಯವಲ್ಲ ಎಂಬ ನಂಬಿಕೆಯನ್ನು ಈ ಅವಧಿಗಾದರೂ ಬಿಡಿ. ಕಕ್ಕಡ ತಿಂಗಳ ಹದಿನೆಂಟರ ಮದ್ದು ಸೊಪ್ಪಿನ ಪಾಯಸವನ್ನು ಖುಷಿಯಿಂದ ಉಣ್ಣಿ, ಆದರೆ ವೈದ್ಯರ ಮಾತ್ರೆಯ ಜಾಗಕ್ಕೆ ಅದನ್ನು ತರಬೇಡಿ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಈಗಿನಿಂದಲೇ ಆರಂಭಿಸಿ.

ಪಿಸಿಓಎಸ್‌ಗೆ ಮೊದಲ ಆಯ್ಕೆಯ ಮಾತ್ರೆ ಲೆಟ್ರೋಜೋಲ್. ಮುಟ್ಟಿನ ಎರಡು ಅಥವಾ ಮೂರನೇ ದಿನದಿಂದ ಐದು ದಿನ. ತೋಟಕ್ಕೆ ಮಳೆ ಬಾರದಾಗ ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸುವ ಕೆಲಸ ಇದರದ್ದು. ಮನೆಯಲ್ಲಿ ಯಾರೋ ಮೊಬೈಲಿನಲ್ಲಿ ಹುಡುಕಿ 'ಇದು ಸ್ತನ ಕ್ಯಾನ್ಸರ್ ಮಾತ್ರೆ' ಎಂದು ಗಲಾಟೆ ಎಬ್ಬಿಸುತ್ತಾರೆ. ನಿಜ, ಅದಕ್ಕೂ ಬಳಸುತ್ತಾರೆ. ಭಾರತದಲ್ಲಿ 2011ರಲ್ಲಿ ಮಕ್ಕಳಾಗದವರ ಚಿಕಿತ್ಸೆಗೆ ಇದನ್ನು ಬಳಸದಂತೆ ತಡೆಯಲಾಗಿತ್ತು, 2017ರಲ್ಲಿ ಆ ತಡೆ ತೆರವಾಯಿತು. ಪಿಸಿಓಎಸ್‌ನಲ್ಲಿ ಹಳೆಯ ಕ್ಲೋಮಿಫೀನ್‌ಗಿಂತ ಇದರಿಂದ ಹೆಚ್ಚು ಮಂದಿಗೆ ಮಗುವಾಗುತ್ತದೆ. ಅವಳಿ ಜವಳಿಯ ಸಾಧ್ಯತೆ ಇದೆ ಎಂಬುದನ್ನು ಮೊದಲೇ ತಿಳಿದಿರಿ. ಕೆಲವರಿಗೆ ಮೆಟ್‌ಫಾರ್ಮಿನ್ ಜೊತೆಗೆ ಕೊಡುತ್ತಾರೆ, ಆರಂಭದಲ್ಲಿ ಹೊಟ್ಟೆ ಕೆಡಬಹುದು, ಊಟದೊಂದಿಗೆ ನುಂಗಿ.

ಮಾತ್ರೆ ಕೆಲಸ ಮಾಡಿತೇ ಎಂದು ನೋಡಲು ಹತ್ತನೇ ದಿನದ ಸುಮಾರಿನಿಂದ ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನಿಂಗ್, ಫಾಲಿಕ್ಯುಲರ್ ಸ್ಟಡಿ ಎಂದು ಕರೆಯುತ್ತಾರೆ. ಕೋಶ 18ರಿಂದ 20 ಮಿಲಿಮೀಟರ್ ಮುಟ್ಟಿದಾಗ ಅದನ್ನು ಒಡೆಯಿಸುವ ಇಂಜೆಕ್ಷನ್ ಕೊಡುವುದುಂಟು, ಸುಮಾರು 36 ಗಂಟೆಯಲ್ಲಿ ಅಂಡಾಣು ಹೊರಬರುತ್ತದೆ. ಆ ಇಂಜೆಕ್ಷನ್ ಆದ ಎರಡು ವಾರದೊಳಗೆ ಗರ್ಭದ ಕಾರ್ಡ್ ಪರೀಕ್ಷೆ ಮಾಡಬೇಡಿ. ಇಂಜೆಕ್ಷನ್ನೇ ಗೆರೆ ತೋರಿಸಿ ಮೋಸ ಮಾಡುತ್ತದೆ.

ನಮಗೆ ಕಷ್ಟವಾಗುವುದು ಈ ಓಡಾಟ. ಜಿಲ್ಲೆಗೆ ರೈಲಿಲ್ಲ, ಜುಲೈಯಲ್ಲಿ ರಸ್ತೆ ಎಲ್ಲಿ ಕುಸಿಯುತ್ತದೋ ಹೇಳಲಾಗದು. ದಿನಗೂಲಿಯವರಿಗೆ ಕೊಯ್ಲಿನ ತಿಂಗಳಲ್ಲಿ ಒಂದೊಂದು ಸ್ಕ್ಯಾನಿಗೂ ಒಂದು ದಿನದ ಸಂಬಳ ಹೋಗುತ್ತದೆ. ಚಿಕಿತ್ಸೆ ಕೊಡುವ ವೈದ್ಯರು ಮೈಸೂರಿನಲ್ಲಿದ್ದರೂ ಸ್ಕ್ಯಾನಿಂಗನ್ನು ಮಡಿಕೇರಿ, ವಿರಾಜಪೇಟೆ, ಕುಶಾಲನಗರ ಎಂದು ಹತ್ತಿರದ ಊರಿನಲ್ಲಿ ಮಾಡಿಸಿ ಅಳತೆಯನ್ನು ಫೋನಿನಲ್ಲಿ ಕಳುಹಿಸಬಹುದೇ ಎಂದು ಕೇಳಿ. ಒಪ್ಪುವವರಿದ್ದಾರೆ. ವಯಸ್ಸು ಚಿಕ್ಕದಿದ್ದರೆ ಮಳೆಗಾಲದ ಎರಡು ತಿಂಗಳು ಬಿಟ್ಟು ಆರಂಭಿಸಿದರೂ ನಷ್ಟವಿಲ್ಲ. 35 ದಾಟಿದವರು ಕಾಯಬಾರದು. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸ್ತ್ರೀರೋಗ ವಿಭಾಗದಿಂದ ಆರಂಭಿಸುವುದಕ್ಕೆ ಸಂಕೋಚ ಬೇಡ.

ಅಂಡಾಣು ಬಿಡುಗಡೆಯಾಗುತ್ತಿದ್ದೂ ಆರು ಚಕ್ರದಲ್ಲಿ ಬಸುರಾಗದಿದ್ದರೆ ಅದೇ ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಡಿ. ಅದಕ್ಕೂ ಮೊದಲೇ ಗರ್ಭನಾಳ ತೆರೆದಿದೆಯೇ ಎಂದು ನೋಡಿರಬೇಕು. ನಮ್ಮ ದೇಶದಲ್ಲಿ ಜನನಾಂಗದ ಕ್ಷಯ ನಾಳವನ್ನು ಸದ್ದಿಲ್ಲದೆ ಮುಚ್ಚುತ್ತದೆ. ಮುಂದಿನ ಹಂತ ಹಾರ್ಮೋನ್ ಇಂಜೆಕ್ಷನ್, ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವುದು), ಐವಿಎಫ್ (ಅಂಡಾಣು, ವೀರ್ಯಾಣುಗಳನ್ನು ಪ್ರಯೋಗಾಲಯದಲ್ಲಿ ಸೇರಿಸುವುದು). ಐವಿಎಫ್ ಕೇಂದ್ರ 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಡಿ ನೋಂದಣಿಯಾಗಿರಬೇಕು. ಪ್ರಮಾಣಪತ್ರ ತೋರಿಸಿ ಎಂದು ಕೇಳುವುದು ಅಗೌರವವಲ್ಲ. ಇಂಜೆಕ್ಷನ್ ಪಡೆಯುವಾಗ ಹೊಟ್ಟೆ ಉಬ್ಬಿ, ಉಸಿರು ಕಟ್ಟಿ, ಮೂತ್ರ ಕಡಿಮೆಯಾದರೆ ಬೆಳಗಾಗಲೆಂದು ಕಾಯಬೇಡಿ. ಮುಟ್ಟು ತಪ್ಪಿದ ಮೇಲೆ ಒಂದು ಬದಿಯ ತೀವ್ರ ಹೊಟ್ಟೆನೋವು, ತಲೆ ಸುತ್ತಿ ಬೀಳುವುದು ಆದರೂ ಅಷ್ಟೇ, 108ಕ್ಕೆ ಕರೆ ಮಾಡಿ. ಗರ್ಭ ನಾಳದಲ್ಲಿ ನಿಂತಿರಬಹುದು.

ಫೈಲು

ಒಂದೇ ಫೈಲ್ ಇರಲಿ. ತಾರೀಕಿನ ಪ್ರಕಾರ ಜೋಡಿಸಿ, ಎಲ್ಲಕ್ಕಿಂತ ಮೇಲೆ ಮುಟ್ಟಿನ ಲೆಕ್ಕದ ಹಾಳೆ, ಅದರ ಕೆಳಗೆ ಗಂಡನ ವರದಿ, ಆಮೇಲೆ ನಿಮ್ಮದು. ಯಾವ ತಿಂಗಳು ಯಾವ ಮಾತ್ರೆ ಎಷ್ಟು ಮಿಲಿಗ್ರಾಂ, ಕೋಶ ಎಷ್ಟು ದೊಡ್ಡದಾಯಿತು, ಒಡೆಯಿತೇ ಇಲ್ಲವೇ ಎಂದು ಒಂದು ಸಾಲು ನೀವೇ ಬರೆದಿಡಿ. ವೈದ್ಯರನ್ನು ಬದಲಾಯಿಸಿದಾಗ ಎಲ್ಲವನ್ನೂ ಮೊದಲಿನಿಂದ ಮಾಡಿಸುವ ಖರ್ಚು ಇದರಿಂದ ತಪ್ಪುತ್ತದೆ. ಸ್ಕ್ಯಾನಿನ ಹೊಳೆಯುವ ಕಾಗದದ ಚಿತ್ರ ಒಂದೆರಡು ವರ್ಷದಲ್ಲಿ ಮಾಸಿ ಹೋಗುತ್ತದೆ, ಬಂದ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಜೂನ್ ಬರುವ ಮೊದಲು ಫೈಲಿಗೆ ಒಂದು ಪ್ಲಾಸ್ಟಿಕ್ ಕವರ್ ಹಾಕಿ.